ಬುಧವಾರದ ರೂಲು

"ಅವನ ಕೈ ಯಾಕೆ ಬಿಟ್ಟೆ?"

ನರ್ಸ್ ಆಂಟಿ ಕಿರುಚಿದ ಜೋರಿಗೆ ಸ್ವಲ್ಪ ಆಚೆಯ ಔಷಧಿ ಅಂಗಡಿಯವನು ಗಾಬರಿಯಾಗಿ ಹೊರಗೆ ಬಂದ.

"ನಾನು ಬಿಟ್ಟಿಲ್ಲ ಆಂಟಿ! ಅವನೇ ಕಿತ್ಕೊಂಡು ಓಡಿದ!" ಚಿನಕುರುಳಿ ಅದಕ್ಕಿಂತ ಜೋರಾಗಿ ಕಿರುಚಿದಳು.

ರಸ್ತೆಯ ನಡುವೆ ಹಾಲಿನ ವ್ಯಾನು ಅಡ್ಡಾದಿಡ್ಡಿ ನಿಂತಿತ್ತು. ಅದರ ಮುಂದಿನ ಚಕ್ರಕ್ಕೂ ಗುಬ್ಬಿಯ ಊಟದ ಡಬ್ಬಿಗೂ ನಡುವೆ ಒಂದು ಗೇಣು ಜಾಗ. ಡಬ್ಬಿಯಿಂದ ಎರಡು ಹೆಜ್ಜೆ ಆಚೆ ಗುಬ್ಬಿ ಕೂತಿದ್ದ. ಮಂಡಿ ತರಚಿ ರಕ್ತ ಬಂದಿತ್ತು. ಒಂದು ಶೂ ಕಾಲಲ್ಲಿತ್ತು, ಇನ್ನೊಂದು ಎಲ್ಲಿಗೋ ಹಾರಿತ್ತು. ಅಳುವುದನ್ನೂ ಮರೆತು ಅವನು ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

ವ್ಯಾನಿನ ಡ್ರೈವರ್ ಕೆಳಗಿಳಿದ. ಅವನ ಮುಖ ಬಿಳಿಚಿಕೊಂಡಿತ್ತು. "ಏನ್ರೀ ಇದು? ಸ್ವಲ್ಪ ಸ್ಪೀಡಲ್ಲಿ ಇದ್ದಿದ್ರೆ ಏನು ಗತಿ? ಮಕ್ಕಳನ್ನ ಹೀಗಾ ಕರ್ಕೊಂಡು ಬರೋದು?"

ಗುಬ್ಬಿ ಒಂದನೇ ಕ್ಲಾಸಿನ ಹುಡುಗ, ನರ್ಸ್ ಆಂಟಿಯ ಒಬ್ಬನೇ ಮಗ. ಆಸ್ಪತ್ರೆಯಲ್ಲಿ ಎಂಥೆಂಥ ಗಾಯ ನೋಡಿದರೂ ಅಲುಗಾಡದ ಆಂಟಿ ಈಗ ಎದ್ದೆನೋ ಬಿದ್ದೆನೋ ಎಂದು ರಸ್ತೆಗೆ ಓಡಿದಳು. ಮಗನನ್ನು ಎತ್ತಿ ಎದೆಗೆ ಅವಚಿಕೊಂಡು ಫುಟ್‌ಪಾತಿಗೆ ಬಂದಳು.

"ಯಾಕೋ ಓಡಿದೆ? ನಾನು ಹೇಳಿದ್ನಾ ಓಡು ಅಂತ?"

"ಕಾಲು ಕೆಳಗಿಟ್ರೆ ಓಡಬೇಕಲ್ವಾ ಅಮ್ಮಾ?" ಎಂದ ಗುಬ್ಬಿ.

"ಯಾರೋ ಹೇಳಿದ್ದು ಹಾಗಂತ?"

ಗುಬ್ಬಿ ಚಿನಕುರುಳಿಯ ಕಡೆ ನೋಡಿದ. ಮುಗಿಯಿತು ಕತೆ. ಆಂಟಿ ನೋಡಿದಳು, ಡ್ರೈವರ್ ನೋಡಿದ, ಔಷಧಿ ಅಂಗಡಿಯವನೂ ನೋಡಿದ. ಎಲ್ಲರ ಕಣ್ಣೂ ಅವಳ ಮೇಲೆಯೇ.

ಅಲ್ಲ, ನೀವೇ ಹೇಳಿ, ಇದು ಯಾವ ನ್ಯಾಯ? ಆರು ವರ್ಷದ ಹುಡುಗ ಒಬ್ಬಳ ಮುಖ ನೋಡಿದ ಮಾತ್ರಕ್ಕೆ ಅವಳೇ ಕಳ್ಳಿ ಎಂದು ತೀರ್ಮಾನವೇ? ಚಿನಕುರುಳಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ಹೆಸರು ಬಂದಿದ್ದೇ ಅದಕ್ಕೆ. ಈಗ ಅವಳ ಕಿವಿ ಕೂಡ ಕೆಂಪಾಯಿತು.

ನಡೆದದ್ದು ಏನೆಂದು ಹೇಳುತ್ತೇನೆ, ಕೇಳಿ.

ಅವರದು ಮೂರು ಮಹಡಿಯ ಹಳೇ ಕಟ್ಟಡ. ಅಲ್ಲಿಂದ ಶಾಲೆಗೆ ಹೋಗುವ ಮಕ್ಕಳು ನಾಲ್ಕು ಜನ. ಐದನೇ ಕ್ಲಾಸಿನ ಚಿನಕುರುಳಿ, ಮೂರನೇ ಕ್ಲಾಸಿನ ಅವಳಿ ಹುಡುಗರು, ಒಂದನೇ ಕ್ಲಾಸಿನ ಗುಬ್ಬಿ. ಶಾಲೆ ದೂರವೇನಿಲ್ಲ. ಆದರೆ ನಡುವೆ ಒಂದು ದೊಡ್ಡ ರಸ್ತೆ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಒಂದು ಕಾಲದಲ್ಲಿ ದಾಟುವುದಕ್ಕೆ ಬಿಳಿ ಪಟ್ಟಿ ಇತ್ತಂತೆ. ಅದು ಯಾವಾಗಲೋ ಅಳಿಸಿಹೋಗಿದೆ, ಮತ್ತೆ ಬಳಿಯುವುದಕ್ಕೆ ಯಾರಿಗೂ ಪುರುಸೊತ್ತಾಗಿಲ್ಲ. ಅದಕ್ಕೇ ದೊಡ್ಡವರೆಲ್ಲ ಸರದಿ ಹಾಕಿಕೊಂಡಿದ್ದರು. ಒಂದೊಂದು ದಿನ ಒಬ್ಬೊಬ್ಬರು ನಾಲ್ಕು ಮಕ್ಕಳನ್ನೂ ರಸ್ತೆ ದಾಟಿಸಬೇಕು. ಮೆಟ್ಟಿಲ ಬಳಿ ಗೋಡೆಗೆ ಚೀಟಿಯನ್ನೂ ಅಂಟಿಸಿದ್ದರು.

ಸೋಮವಾರ ಮತ್ತು ಶುಕ್ರವಾರ ಅವಳಿಗಳ ಅಪ್ಪ, ಟೈಲರ್ ಅಂಕಲ್. ಮಂಗಳವಾರ ಚಿನಕುರುಳಿಯ ಅಪ್ಪ. ಬುಧವಾರ ನರ್ಸ್ ಆಂಟಿ, ಅವತ್ತು ಅವಳಿಗೆ ವಾರದ ರಜೆ. ಗುರುವಾರ ಮೇಲಿನ ಮನೆ ಅಜ್ಜಿ. ಚಿನಕುರುಳಿಯ ಅಮ್ಮನಿಗೆ ಬೇಕರಿಯಲ್ಲಿ ಕೆಲಸ, ಬೆಳಗಿನ ಜಾವವೇ ಹೋಗಿಬಿಡುವುದರಿಂದ ಅವಳ ಹೆಸರು ಚೀಟಿಯಲ್ಲಿ ಇರಲಿಲ್ಲ.

ಚೀಟಿಯೇನೋ ಚೆನ್ನಾಗಿತ್ತು. ಆದರೆ ಒಬ್ಬೊಬ್ಬರೂ ರಸ್ತೆ ದಾಟುವ ವರಸೆ ಮಾತ್ರ ಬೇರೆ ಬೇರೆ!

ಟೈಲರ್ ಅಂಕಲ್ ಒಂದು ಕೈ ಮೇಲೆತ್ತಿ, ರಸ್ತೆ ತನ್ನದೇ ಎನ್ನುವ ಹಾಗೆ ನೇರ ನಡೆದುಬಿಡುತ್ತಿದ್ದರು. ವಾಹನಗಳೇ ನಿಲ್ಲಬೇಕು. ಚಿನಕುರುಳಿಯ ಅಪ್ಪ ಸಣ್ಣ ಸಂದು ಸಿಕ್ಕಿದರೆ ಸಾಕು, ಕಾಲು ಕೆಳಗಿಟ್ಟು "ಓಡಿ, ಓಡಿ!" ಎಂದು ಎಲ್ಲರನ್ನೂ ಓಡಿಸುತ್ತಿದ್ದ. ಒಂಬತ್ತೂಕಾಲಕ್ಕೆ ಅವನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇರಬೇಕು, ಅದಕ್ಕೆ ಯಾವಾಗಲೂ ಅವಸರ. ನರ್ಸ್ ಆಂಟಿ ಎರಡೂ ಕಡೆ ಪೂರ್ತಿ ಖಾಲಿಯಾಗುವ ತನಕ ಕಾಯುತ್ತಿದ್ದಳು, ಹತ್ತು ನಿಮಿಷವಾದರೂ ಸರಿ. ಅಜ್ಜಿಯೋ, ಅರ್ಧ ರಸ್ತೆ ದಾಟಿ ನಟ್ಟನಡುವೆ ನಿಂತು, ಉಸಿರು ಬಿಟ್ಟು, ಆಮೇಲೆ ಉಳಿದರ್ಧ ದಾಟುತ್ತಿದ್ದರು.

ಮಕ್ಕಳು ಪಾಪ, ಎಲ್ಲವನ್ನೂ ಕಲಿತಿದ್ದರು. ಇವತ್ತು ಯಾರು ಬರುತ್ತಾರೋ ಅವರ ರೂಲು.

ಈ ಬುಧವಾರ ಫುಟ್‌ಪಾತಿನ ಪಕ್ಕದಲ್ಲೇ ಒಂದು ಲಾರಿ ನಿಲ್ಲಿಸಿದ್ದರು. ಅದರಾಚೆ ಏನು ಬರುತ್ತಿದೆ ಎಂದು ಇಣುಕಿ ನೋಡುವುದಕ್ಕೆ ನರ್ಸ್ ಆಂಟಿ ಒಂದು ಕಾಲು ರಸ್ತೆಗಿಟ್ಟಳು. ಅಷ್ಟೇ. ಚಿನಕುರುಳಿಯ ಕೈಯಲ್ಲಿದ್ದ ಪುಟ್ಟ ಕೈ ಸರ್ರನೆ ಜಾರಿಹೋಯಿತು. ಗುಬ್ಬಿ ಓಡಿಬಿಟ್ಟಿದ್ದ.

ಶಾಲೆಯಲ್ಲಾದರೂ ನೆಮ್ಮದಿ ಇತ್ತೇ? ಅದೂ ಇಲ್ಲ. ಅವಳಿಗಳಿಬ್ಬರೂ ಸೇರಿ ಪ್ರೇಯರ್ ಮುಗಿಯುವಷ್ಟರಲ್ಲಿ ಸುದ್ದಿ ಹಬ್ಬಿಸಿಬಿಟ್ಟಿದ್ದರು. ಮೊದಲು "ಚಿನಕುರುಳಿ ಗುಬ್ಬಿ ಕೈ ಬಿಟ್ಲಂತೆ" ಎಂದಿತ್ತು. ಡ್ರಾಯಿಂಗ್ ಪೀರಿಯಡ್ಡಿಗೆ "ಬೇಕಂತಲೇ ಬಿಟ್ಲಂತೆ" ಆಯಿತು. ಊಟದ ಹೊತ್ತಿಗೆ "ತಳ್ಳಿಬಿಟ್ಲಂತೆ!" ಆಗಿತ್ತು.

"ಯಾರೇ ಹೇಳಿದ್ದು ತಳ್ಳಿದೆ ಅಂತ?" ಎಂದು ಚಿನಕುರುಳಿ ಬೆಂಚಿನ ಮೇಲೆ ಹತ್ತಿ ನಿಂತಳು. ಆ ಹೊತ್ತಿಗೇ ಮಿಸ್ ಒಳಗೆ ಬಂದರು. ಬೆಂಚು ಹತ್ತಿದ್ದಕ್ಕೆ ಅವಳಿಗೇ ಬೈಗುಳ ಬಿತ್ತು. ಗ್ರಹಚಾರ ಕೆಟ್ಟರೆ ಎಲ್ಲ ಒಟ್ಟಿಗೇ ಕೆಡುತ್ತದೆ ನೋಡಿ.

ಸಂಜೆ ಟೈಲರ್ ಅಂಗಡಿಯಲ್ಲಿ ಪಂಚಾಯಿತಿ ಸೇರಿತು. ಅಂಗಡಿ ಅವರ ಕಟ್ಟಡದ ಕೆಳಗೇ ಇತ್ತು. ಎರಡು ಹೊಲಿಗೆ ಮೆಷಿನ್ನು, ಗೋಡೆಗೆ ನೇತುಹಾಕಿದ ಅರೆಬರೆ ಅಂಗಿಗಳು, ನೆಲದ ತುಂಬ ಬಟ್ಟೆಯ ಚೂರುಗಳು. ಅಜ್ಜಿ ಸ್ಟೂಲಿನ ಮೇಲೆ ಕೂತಿದ್ದರು. ನರ್ಸ್ ಆಂಟಿ ಗುಬ್ಬಿಯನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. ಅವನ ಮಂಡಿಗೆ ಇಷ್ಟು ದಪ್ಪದ ಬ್ಯಾಂಡೇಜು. ಅಪ್ಪ ಪ್ರೆಸ್ಸಿನಿಂದ ಹಾಗೇ ಬಂದಿದ್ದ, ಉಗುರಿನ ಸಂದಿನಲ್ಲೆಲ್ಲ ಕಪ್ಪು ಇಂಕು.

"ದೊಡ್ಡವಳು, ಜಾಣೆ ಅಂತ ಇವಳ ಕೈಗೆ ಮಗು ಕೊಟ್ವಿ," ಎಂದರು ಟೈಲರ್ ಅಂಕಲ್. "ಹೀಗಾ ಮಾಡೋದು?"

"ಓಡೋದನ್ನ ಹೇಳಿಕೊಟ್ಟಿದ್ದೂ ಇವಳೇ ಅಂತೆ," ಎಂದಳು ನರ್ಸ್ ಆಂಟಿ.

"ನಾನಲ್ಲ ಹೇಳಿಕೊಟ್ಟಿದ್ದು!" ಎಂದಳು ಚಿನಕುರುಳಿ. "ಅಪ್ಪ ಹೇಳಿಕೊಟ್ಟಿದ್ದು! ಅಪ್ಪ ಅಲ್ವಾ ಪ್ರತಿ ಮಂಗಳವಾರ ಓಡಿ ಓಡಿ ಅನ್ನೋದು?"

ಅಪ್ಪ ಮುಖ ಸಿಂಡರಿಸಿದ. "ತಪ್ಪು ಮಾಡಿದ್ದು ನೀನು. ಈಗ ನನ್ನ ತಲೆಗೆ ಕಟ್ತೀಯಾ? ಸಾಕು, ಇನ್ಮೇಲೆ ಇವಳ ಕೈಗೆ ಮಗು ಕೊಡೋದು ಬೇಡ. ಜವಾಬ್ದಾರಿ ಅನ್ನೋದೇ ಇಲ್ಲ ಇವಳಿಗೆ."

ಎಲ್ಲರ ಎದುರಿಗೆ! ಸ್ವಂತ ಅಪ್ಪ!

ನರ್ಸ್ ಆಂಟಿ ತಲೆ ಅಲ್ಲಾಡಿಸಿದಳು. "ಅವಳ ಕೈಗೂ ಬೇಡ, ಯಾರ ಕೈಗೂ ಬೇಡ. ನಂಗೆ ರಜೆ ಇದ್ದ ದಿನ ನಾನೇ ಕರ್ಕೊಂಡು ಹೋಗ್ತೀನಿ. ಡ್ಯೂಟಿ ಇದ್ದ ದಿನ ಇವನು ಮನೇಲಿರಲಿ. ಸ್ಕೂಲು ಹೋದ್ರೆ ಹೋಗ್ಲಿ, ನನ್ನ ಮಗ ಉಳೀಲಿ."

ಗುಬ್ಬಿಗೆ ಲೆಕ್ಕ ಅಷ್ಟಾಗಿ ಬಾರದಿದ್ದರೂ ಇದು ಅರ್ಥವಾಯಿತು. ವಾರಕ್ಕೆ ಒಂದೇ ದಿನ ಸ್ಕೂಲು. ಬೆಳಗ್ಗೆ ವ್ಯಾನಿನ ಮುಂದೆ ಅಳದವನು ಈಗ "ನಾನು ಸ್ಕೂಲಿಗೆ ಹೋಗ್ಬೇಕೂ" ಎಂದು ರಾಗ ಎಳೆದು ಅಳತೊಡಗಿದ.

ಆ ಅಳು ಕೇಳಿದ್ದೇ ತಡ, ಚಿನಕುರುಳಿ ಸಿಡಿದಳು.

"ನಿಮ್ಮದೇ ತಪ್ಪು! ನಾಲ್ಕು ಜನ ನಾಲ್ಕು ಥರ ದಾಟಿಸ್ತೀರಿ! ಇವನು ಯಾವುದನ್ನ ಅಂತ ನೆನಪಿಟ್ಕೊಳ್ಬೇಕು?"

"ರಸ್ತೆ ದಾಟೋದ್ರಲ್ಲಿ ಥರ ಏನೇ ಬಂತು?" ಎಂದರು ಅಜ್ಜಿ. "ಈ ಕಡೆಯಿಂದ ಆ ಕಡೆಗೆ ಹೋಗೋದು."

"ತೋರಿಸ್ಲಾ?"

ಯಾರ ಉತ್ತರಕ್ಕೂ ಕಾಯದೆ ಅವಳು ಕಟಿಂಗ್ ಟೇಬಲ್ಲಿನ ಮೇಲಿದ್ದ ಟೈಲರ್ ಚಾಕ್ ಎತ್ತಿಕೊಂಡಳು. ಬಟ್ಟೆಯ ಚೂರುಗಳನ್ನು ಕಾಲಲ್ಲಿ ಸರಿಸಿ, ನೆಲದ ಮೇಲೆ ಎರಡು ಉದ್ದನೆ ಗೆರೆ ಎಳೆದಳು. "ಇದು ರಸ್ತೆ. ಏ ಅವಳಿಗಳಾ, ನೀವಿಬ್ಬರೂ ಲಾರಿ. ಬೆಳಗ್ಗೆಯಿಂದ ಸುದ್ದಿ ಹಂಚಿದ್ದು ಸಾಕು, ಬನ್ನಿ ಈಗ."

ಅವಳಿಗಳು ಬುರ್ ಎಂದುಕೊಂಡು ರೆಡಿಯಾದರು.

ಮೊದಲು ಅವಳು ಟೈಲರ್ ಅಂಕಲ್ ಆದಳು. ಹೊಟ್ಟೆ ಮುಂದೆ ಮಾಡಿ, ಕೈ ಮೇಲೆತ್ತಿ, "ಏಯ್, ನಿಲ್ಸೋ!" ಎನ್ನುತ್ತ ರಾಜಗಾಂಭೀರ್ಯದಿಂದ ನಡೆದಳು. ಲಾರಿಗಳು ಕಿರ್ರನೆ ನಿಂತವು. ಅಪ್ಪ ಬಿದ್ದು ಬಿದ್ದು ನಕ್ಕ. ಟೈಲರ್ ಅಂಕಲ್ ಮಾತ್ರ ನಗಲಿಲ್ಲ. "ನಾನೇನು ಹಾಗೆ ಹೊಟ್ಟೆ ಬಿಟ್ಕೊಂಡು ಹೋಗ್ತೀನಾ?" ಎಂದರು.

ಆಮೇಲೆ ಅಜ್ಜಿ. ಅರ್ಧ ದಾರಿಗೆ ಹೋಗಿ ಸೊಂಟಕ್ಕೆ ಕೈ ಕೊಟ್ಟು, "ಅಯ್ಯಪ್ಪಾ!" ಎಂದು ನಿಂತಳು. ಎರಡೂ ಕಡೆಯಿಂದ ಲಾರಿಗಳು ಅವಳನ್ನು ಸವರಿಕೊಂಡು ಹೋದವು. ಈಗ ಟೈಲರ್ ಅಂಕಲ್ ನಕ್ಕರು, ಅಜ್ಜಿ ಮುಖ ಊದಿಸಿಕೊಂಡರು.

ಆಮೇಲೆ ನರ್ಸ್ ಆಂಟಿ. ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಮತ್ತೆ ಆ ಕಡೆ, ಮತ್ತೆ ಈ ಕಡೆ. ನೋಡುತ್ತಲೇ ಇದ್ದಳು. "ಬೆಲ್ ಹೊಡೀತು, ಪ್ರೇಯರ್ ಮುಗೀತು, ಸ್ಕೂಲು ಬಿಟ್ಟೇಬಿಡ್ತು!" ಎಂದು ಒಬ್ಬ ಲಾರಿ ಕೂಗಿದ.

ಕೊನೆಗೆ ಅಪ್ಪ. ಚಿನಕುರುಳಿ ಗೆರೆಯ ಅಂಚಿಗೆ ಬಂದು ವಾಚ್ ನೋಡಿಕೊಂಡಳು. ಒಂದು ಕಾಲು ಗೆರೆಯೊಳಗೆ ಇಟ್ಟಳು. "ಓಡಿ, ಓಡಿ, ಓಡಿ! ಪ್ರೆಸ್ಸಿಗೆ ಲೇಟಾಯ್ತು!" ಎನ್ನುತ್ತ ಇಬ್ಬರು ಲಾರಿಗಳ ನಡುವೆ ನುಗ್ಗಿದಳು. ಒಬ್ಬ ಲಾರಿ ಅವಳಿಗೆ ಡಿಕ್ಕಿ ಹೊಡೆದು ಬಟ್ಟೆಯ ಮೂಟೆಯ ಮೇಲೆ ಬಿದ್ದ.

ಈ ಸಲ ಯಾರೂ ನಗಲಿಲ್ಲ. ಅಪ್ಪನಂತೂ ನಗಲೇ ಇಲ್ಲ.

ಇಷ್ಟಾದ ಮೇಲಾದರೂ ದೊಡ್ಡವರು ಒಂದು ದಾರಿಗೆ ಬಂದರೇ? ಎಲ್ಲಿಯ ಮಾತು! ಯಾರ ವರಸೆ ಸರಿ ಎಂದು ಅವರಲ್ಲೇ ಜಗಳ ಶುರುವಾಯಿತು. "ಕೈ ಎತ್ತದಿದ್ರೆ ಯಾರು ನಿಲ್ಲಿಸ್ತಾರ್ರೀ?" "ಕೈ ಎತ್ತಿದ್ರೆ ಮಾತ್ರ ನಿಲ್ಲಿಸ್ತಾರಾ?" "ನಿಮ್ಮ ಥರ ಕಾಯ್ತಾ ನಿಂತ್ರೆ ನಮ್ಮ ಕೆಲಸ ಯಾರು ಮಾಡ್ತಾರೆ?" ಧ್ವನಿಗಳು ಏರಿದವು. ಕತ್ತರಿ ಟೇಬಲ್ಲಿನಿಂದ ಕೆಳಗೆ ಬಿತ್ತು, ಅದನ್ನು ಎತ್ತುವವರೂ ಇಲ್ಲ. ಗುಬ್ಬಿಯ ಅಳು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಚಿನಕುರುಳಿ ಅವನನ್ನು ಆಂಟಿಯ ತೊಡೆಯಿಂದ ಇಳಿಸಿ ಚಾಕಿನ ಗೆರೆಯ ಹತ್ತಿರ ಕರೆತಂದಳು. "ಗುಬ್ಬಿ, ಅಳಬೇಡ. ನಂಗೆ ಒಂದು ವಿಷಯ ಹೇಳು. ನೀನು ಏನನ್ನ ನೋಡಿ ದಾಟ್ತೀಯಾ?"

"ಕಾಲು," ಎಂದ ಗುಬ್ಬಿ, ಮೂಗು ಒರೆಸಿಕೊಳ್ಳುತ್ತ.

"ಯಾರ ಕಾಲು?"

"ದೊಡ್ಡವರದ್ದು."

"ರಸ್ತೆ ನೋಡಲ್ವಾ?"

"ನಂಗೆ ರಸ್ತೆ ಎಲ್ಲಿ ಕಾಣತ್ತೆ? ನಿಮ್ಮ ಬ್ಯಾಗ್ ಕಾಣತ್ತೆ. ಲಾರಿ ಟಯರ್ ಕಾಣತ್ತೆ. ಆಮೇಲೆ ಕಾಲು."

ನರ್ಸ್ ಆಂಟಿ ಮಾತು ನಿಲ್ಲಿಸಿದಳು. ಅವಳನ್ನು ನೋಡಿ ಉಳಿದವರೂ ನಿಲ್ಲಿಸಿದರು.

"ಚಿನಕುರುಳಿ ಅಪ್ಪ ಕಾಲು ಕೆಳಗಿಟ್ರೆ ಓಡಬೇಕು," ಎಂದು ಗುಬ್ಬಿ ಪಾಠ ಒಪ್ಪಿಸುವವನ ಹಾಗೆ ಹೇಳಿದ. "ಅಮ್ಮ ಕಾಲು ಕೆಳಗಿಟ್ರೆ ಓಡಬಾರದು, ಕಾಯ್ಬೇಕು. ಅಜ್ಜಿ ಆದ್ರೆ ಮಧ್ಯದಲ್ಲಿ ನಿಲ್ಲಬೇಕು. ನಂಗೆ ಎಲ್ಲಾ ಬರತ್ತೆ." ಅವನು ಅಮ್ಮನ ಕಡೆ ತಿರುಗಿದ. "ಆದ್ರೆ ಇವತ್ತು ಮಂಗಳವಾರ ಅಂದ್ಕೊಂಡ್‌ಬಿಟ್ಟೆ. ತಪ್ಪಾಯ್ತು ಅಮ್ಮಾ. ಇನ್ನೊಂದ್ಸಲ ವಾರ ಮರೆಯಲ್ಲ. ಸ್ಕೂಲಿಗೆ ಕಳ್ಸು."

ಟೈಲರ್ ಅಂಕಲ್ ಬಗ್ಗಿ, ಕೆಳಗೆ ಬಿದ್ದಿದ್ದ ಕತ್ತರಿಯನ್ನು ಎತ್ತಿಟ್ಟರು.

ವಾರ ಮರೆತನಂತೆ. ಆರು ವರ್ಷದ ಮಗು, ವಾರ ಮರೆತದ್ದಕ್ಕೆ ಕ್ಷಮೆ ಕೇಳುತ್ತಿದೆ! ಚಿನಕುರುಳಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈಯಬೇಕೆನಿಸಿತು. ಆದರೆ ಬೈಯುವುದು ಬೇಕಾಗಲಿಲ್ಲ. ಅಪ್ಪ ತಲೆ ತಗ್ಗಿಸಿಕೊಂಡು ಉಗುರಿನ ಇಂಕು ಕೆರೆಯುತ್ತಿದ್ದ. ನರ್ಸ್ ಆಂಟಿ ನೆಲದ ಮೇಲೆ ಮಂಡಿಯೂರಿ, ಗುಬ್ಬಿಯಷ್ಟೇ ಎತ್ತರವಾಗಿ, ಚಾಕಿನ ರಸ್ತೆಯನ್ನು ನೋಡಿದಳು. ಅವಳ ಎದುರಿಗೆ ಟೈಲರ್ ಅಂಕಲ್ ಅವರ ಎರಡು ಕಾಲು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಅಯ್ಯೋ ಕಂದಾ," ಎಂದು ಮಗನನ್ನು ತಬ್ಬಿಕೊಂಡಳು.

ಆಮೇಲೂ ಅವರು ಅರ್ಧ ಗಂಟೆ ಚರ್ಚೆ ಮಾಡಿದರು ಅನ್ನಿ, ದೊಡ್ಡವರಲ್ಲವೇ. ಕೊನೆಗೆ ಅಜ್ಜಿಯೇ ಇತ್ಯರ್ಥ ಮಾಡಿದರು. ಯಾರ ಸರದಿ ಬಂದರೂ ಒಂದೇ ಪದ್ಧತಿ. ಲಾರಿ ನಿಲ್ಲಿಸುವ ಕಡೆ ದಾಟುವಂತಿಲ್ಲ, ನಾಲ್ಕು ಹೆಜ್ಜೆ ಹೆಚ್ಚಾದರೂ ಔಷಧಿ ಅಂಗಡಿಯ ಎದುರಿಗೆ ಹೋಗಬೇಕು, ಅಲ್ಲಿ ರಸ್ತೆ ಚೆನ್ನಾಗಿ ಕಾಣುತ್ತದೆ. ಅಲ್ಲಿ ನಿಂತು ಎಲ್ಲರೂ ಎರಡೂ ಕಡೆ ನೋಡಬೇಕು. "ಹೊರಡೋಣ" ಎಂದು ಸರದಿಯವರು ಬಾಯಿಬಿಟ್ಟು ಹೇಳುವ ತನಕ ಯಾರ ಕಾಲಿಗೂ ಬೆಲೆ ಇಲ್ಲ. ಓಟ ಅಂತೂ ಬೇಡವೇ ಬೇಡ.

ನರ್ಸ್ ಆಂಟಿ ಹೊರಡುವಾಗ ಚಿನಕುರುಳಿಯ ತಲೆ ನೇವರಿಸಿದಳು. "ಬೆಳಗ್ಗೆ ನಿನ್ನ ಮೇಲೆ ಕೂಗಾಡಿಬಿಟ್ಟೆ ಕಣೇ. ಭಯ ಆಗಿತ್ತು ನಂಗೆ. ನಾಳೆ ಅವನ ಕೈ ನೀನೇ ಹಿಡ್ಕೋ."

ಅಪ್ಪ? ಅವನು ಏನೂ ಹೇಳಲಿಲ್ಲ. ಮೆಟ್ಟಿಲು ಹತ್ತುವಾಗಲೂ ಇಲ್ಲ, ಊಟ ಮಾಡುವಾಗಲೂ ಇಲ್ಲ. "ಜವಾಬ್ದಾರಿ ಅನ್ನೋದೇ ಇಲ್ಲ" ಎಂದು ಎಲ್ಲರ ಎದುರಿಗೆ ಹೇಳಲು ಬಾಯಿ ಬಂದಿತ್ತು. ಈಗ ಒಂದು ಮಾತು ಆಡಲು ಬಾಯಿಗೆ ಏನಾಗಿದೆ? ಚಿನಕುರುಳಿ ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಗುರುವಾರ, ಅಜ್ಜಿಯ ಸರದಿ. ಆದರೆ ಮೆಟ್ಟಿಲ ಕೆಳಗೆ ಅಪ್ಪನೂ ನಿಂತಿದ್ದ.

"ಪ್ರೆಸ್ಸಿಗೆ ಲೇಟಾಗಲ್ವೇನಪ್ಪಾ?" ಎಂದು ಅಜ್ಜಿ ಕೇಳಿದರು.

"ಆಗತ್ತೆ," ಎಂದ ಅಪ್ಪ. ಅಷ್ಟೇ.

ಚಿನಕುರುಳಿ ಅವನ ಕಡೆ ತಿರುಗಿಯೂ ನೋಡದೆ ಗುಬ್ಬಿಯ ಕೈ ಹಿಡಿದು ಮುಂದೆ ನಡೆದಳು. ಔಷಧಿ ಅಂಗಡಿಯ ಎದುರಿಗೆ ಎಲ್ಲರೂ ಸಾಲಾಗಿ ನಿಂತರು. ವಾಹನಗಳು ಒಂದರ ಹಿಂದೆ ಒಂದು ಭರ್ರನೆ ಹೋಗುತ್ತಿದ್ದವು. ಹೊಸ ಪದ್ಧತಿಯನ್ನು ದೊಡ್ಡವರು ಸರಿಯಾಗಿ ನಡೆಸುತ್ತಾರೋ ಇಲ್ಲವೋ ನೋಡೇಬಿಡುತ್ತೇನೆ ಎಂದು ಅವಳು ಹದ್ದಿನ ಕಣ್ಣಿಟ್ಟು ಕಾಯುತ್ತಿದ್ದಳು.

"ಏನೇ ಚಿನಕುರುಳಿ," ಎಂದರು ಅಜ್ಜಿ, "ಬಲಗಡೆಯಿಂದ ಏನಾದ್ರೂ ಬರ್ತಿದೆಯಾ?"

ಚಿನಕುರುಳಿ ಬಾಯಿ ತೆರೆದಳು. ಅವಳು ಬಲಗಡೆ ನೋಡಿರಲೇ ಇಲ್ಲ. ಇಷ್ಟು ಹೊತ್ತೂ ಅವಳ ಕಣ್ಣು ಇದ್ದದ್ದು ಅಜ್ಜಿಯ ಚಪ್ಪಲಿಯ ಮೇಲೆ.

ನಿನ್ನೆಯೂ ಹಾಗೇ, ಆಂಟಿಯ ಕಾಲಿನ ಮೇಲೆ. ಅದರ ಹಿಂದಿನ ದಿನ ಅಪ್ಪನ ಕಾಲಿನ ಮೇಲೆ. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಎಷ್ಟು ಸಲ ಈ ರಸ್ತೆ ದಾಟಿದ್ದಾಳೋ, ಅಷ್ಟು ಸಲವೂ ಅವಳು ನೋಡಿದ್ದು ಯಾರದೋ ಕಾಲನ್ನು. ಯಾರು ಹೇಗೆ ದಾಟುತ್ತಾರೆ ಎಂದು ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ಮಾಡಿ ತೋರಿಸಿದಳಲ್ಲ, ಅದಕ್ಕೂ ಇದೇ ಕಾರಣ. ರಸ್ತೆಯನ್ನು ಅವಳೂ ನೋಡಿರಲಿಲ್ಲ.

ಅವಳ ಕೆನ್ನೆ ಬಿಸಿಯಾಯಿತು. ಈ ಸಲ ಅದು ಕೋಪಕ್ಕಲ್ಲ. ಗುಬ್ಬಿಯ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಕತ್ತು ತಿರುಗಿಸಿ ಬಲಕ್ಕೆ ನೋಡಿದಳು.

ಒಂದು ಸ್ಕೂಟರ್ ಹೋಯಿತು. ಅದರ ಹಿಂದೆ ಒಂದು ಸೈಕಲ್. ಆಮೇಲೆ ರಸ್ತೆ ಖಾಲಿ ಎನ್ನುವ ಹಾಗಿತ್ತು, ಆದರೆ ದೂರದ ತಿರುವಿನಲ್ಲಿ ಒಂದು ಕೆಂಪು ಬಸ್ಸು ಕಾಣಿಸಿತು. ಅಷ್ಟು ದೂರವಿದೆ, ಓಡಿದರೆ ದಾಟಿಬಿಡಬಹುದು ಎನಿಸುವಂತಿತ್ತು. ನೋಡನೋಡುತ್ತಲೇ ಅದು ದೊಡ್ಡದಾಗುತ್ತ ಬಂತು.

"ಬರ್ತಿದೆ," ಎಂದಳು ಚಿನಕುರುಳಿ. "ಇರಿ."

ಪಕ್ಕದಲ್ಲಿ ಅಪ್ಪನ ಒಂದು ಕಾಲು ಆಗಲೇ ರಸ್ತೆಗೆ ಇಳಿದಿತ್ತು. ಎಷ್ಟೋ ವರ್ಷದ ರೂಢಿ, ಪಾಪ, ಅದು ತಾನಾಗಿಯೇ ಇಳಿದುಬಿಟ್ಟಿತ್ತು. ಅಪ್ಪ ಮಗಳ ಮುಖ ನೋಡಿದ. ಬೈಯುವವನ ಹಾಗೆ ಬಾಯಿ ತೆರೆದ. ಆಮೇಲೆ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಅವಳ ಪಕ್ಕ ಫುಟ್‌ಪಾತಿನ ಮೇಲೆ ನಿಂತ.

ಬಸ್ಸು ಗಾಳಿ ಎಬ್ಬಿಸಿಕೊಂಡು ಮುಂದೆ ಹೋಯಿತು.

"ಈಗ?" ಎಂದು ಅಪ್ಪ ಕೇಳಿದ. ಮೆತ್ತಗೆ, ನಿಜವಾಗಿಯೂ ತಿಳಿಯದವನು ಕೇಳುವ ಹಾಗೆ.

ಚಿನಕುರುಳಿ ಅವಸರ ಮಾಡಲಿಲ್ಲ. ಇನ್ನೊಂದು ಸಲ ಎರಡೂ ಕಡೆ ನೋಡಿದಳು.